ಮಾಮ ಮುಚ್ಚಿದ ಪುಟ

ಹೋದ ತಿಂಗಳು ತಿರುವನಂತಪುರದಲ್ಲೇ ಇನ್ನೊಂದು ಬಾಡಿಗೆ ಮನೆಗೆ ಬಂದೆವು. ಹಿಂದೆ ಇದ್ದವರು ಬಿಟ್ಟುಹೋಗಿದ್ದ ಸ್ಟೀಲ್ ಕಪಾಟಿನ ಬಾಗಿಲು ತೆರೆದದ್ದೇ ತಡ, ನುಸಿಗುಳಿಗೆಯ ವಾಸನೆ ಮುಖಕ್ಕೆ ರಾಚಿತು. ಬಟ್ಟೆ ಜೋಡಿಸುವುದನ್ನು ಬಿಟ್ಟು ಹಾಗೇ ನಿಂತೆ. ಎರ್ನಾಕುಲಂನಲ್ಲಿ ಮಾಮನ ಮನೆಯ ಒಳಕೋಣೆಗೆ ಇದೇ ವಾಸನೆ ಇತ್ತು. ಸತ್ಯವೇದಕ್ಕೆ, ಅಂದರೆ ಬೈಬಲಿಗೆ, ಸೇರದೆ ಹೊರಗುಳಿದ ಹಳೆಯ ಬರಹಗಳ ಪುಸ್ತಕಗಳನ್ನು ಅವರು ಅಲ್ಲೊಂದು ಕಪಾಟಿನಲ್ಲಿ, ಬೀಗ ಹಾಕಿ ಇಟ್ಟಿದ್ದರು.

ಮಾಮ ನನಗೆ ಸಂಬಂಧಿಕರೇನಲ್ಲ. ಕಾಸರಗೋಡಿನವರು, ಎರ್ನಾಕುಲಂ ಬಳಿಯ ವಿಲ್ಲಿಂಗ್ಡನ್ ಐಲ್ಯಾಂಡ್ ಬಂದರಿನಲ್ಲಿ ಕಸ್ಟಮ್ಸ್ ಕೆಲಸ ಮಾಡಿ ನಿವೃತ್ತರಾದವರು. ನಾನು ಬ್ಯಾಂಕಿನ ಕೆಲಸಕ್ಕೆಂದು ಉಡುಪಿಯಿಂದ ಎರ್ನಾಕುಲಂಗೆ ಬಂದಾಗ, ಕನ್ನಡದಲ್ಲಿ ಪ್ರಾರ್ಥಿಸುವ ನಾಲ್ಕಾರು ಕುಟುಂಬಗಳು ಭಾನುವಾರ ಸಂಜೆ ಅವರ ಮನೆಯಲ್ಲಿ ಸೇರುತ್ತಿದ್ದವು. ಅವರ ಹೆಂಡತಿ ಮಾಮಿ ಅಲ್ಲಿಯವರೇ, ಹಳೆಯ ಸುರಿಯಾನಿ ಕ್ರೈಸ್ತ ಮನೆತನದವರು. ಪ್ರಾರ್ಥನೆ ನಡೆಯುವಷ್ಟು ಹೊತ್ತೂ ಅವರು ಅಡುಗೆಮನೆಯಲ್ಲಿ ಬಾಳೆಹಣ್ಣಿನ ಪಳಂಪೊರಿ ಕರಿಯುತ್ತಾ, ನಮ್ಮ ಹಾಡುಗಳಿಗೆ ಅಲ್ಲಿಂದಲೇ ದನಿ ಸೇರಿಸುತ್ತಿದ್ದರು.

ಮಾಮ ಯಾವುದನ್ನೂ ಸುಲಭವಾಗಿ ನಂಬುವವರಲ್ಲ. ಫೋನಿಗೆ ಯಾರಾದರೂ ವಚನ ಕಳಿಸಿದರೆ, ಅದು ನಿಜವಾಗಿ ಸತ್ಯವೇದದಲ್ಲಿ ಇದೆಯೇ ಎಂದು ತೆಗೆದು ನೋಡಿಯೇ ಮುಂದಿನ ಮಾತು. ಇಂಥವರಿಗೆ ಆ ಪುಸ್ತಕಗಳ ಸಹವಾಸ ಏಕೆ ಎಂದು ನನಗೆ ಅನುಮಾನ. ನಮಗೆ ಬೇಡ ಎನ್ನುವುದನ್ನು ಇವರು ಒಳಗಿಂದ ನಂಬುತ್ತಾರೋ ಏನೋ... ಕೇಳುವ ಧೈರ್ಯ ಬರಲಿಲ್ಲ.

ಒಂದು ಮಳೆಗಾಲದಲ್ಲಿ ಐಟಿ ಪಾರ್ಕಿನ ಹುಡುಗನೊಬ್ಬ ನಮ್ಮ ಗುಂಪಿಗೆ ಸೇರಿದ. ಬೆಂಗಳೂರಿನವನು, ಒಳ್ಳೆಯ ಮಾತುಗಾರ. ಮೂರನೆಯದೋ ನಾಲ್ಕನೆಯದೋ ಭಾನುವಾರ ಪ್ರಿಂಟ್ ತೆಗೆದ ಹಾಳೆಗಳ ಕಟ್ಟೊಂದನ್ನು ತಂದ.

"ಇದನ್ನೆಲ್ಲ ಸಭೆಯವರು ನಮ್ಮಿಂದ ಬಚ್ಚಿಟ್ಟಿದ್ದಾರೆ ಅಂಕಲ್. ಅಪೊಸ್ತಲರೇ ಬರೆದಿದ್ದು. ಯಾಕೆ ಬಚ್ಚಿಟ್ರು ಅಂತ ಯೋಚನೆ ಮಾಡಿ."

ನಾನು ಒಂದು ಹಾಳೆ ಕೈಗೆತ್ತಿಕೊಂಡೆ. ಯಾರು ಅನುವಾದಿಸಿದರು, ಎಲ್ಲಿ ಅಚ್ಚಾಯಿತು, ಒಂದೂ ಇರಲಿಲ್ಲ. ನಮ್ಮ ಗುಂಪಿನವರ ಕಣ್ಣುಗಳು ಮಾತ್ರ ಮಿಂಚುತ್ತಿದ್ದವು. ವರ್ಷಗಳಿಂದ ಕೇಳಿದ್ದನ್ನೇ ಕೇಳಿ ದಣಿದವರಿಗೆ ಗುಟ್ಟು ಎಂಬ ಮಾತೇ ಸಾಕಾಗಿತ್ತು.

ಅವನು ಓದತೊಡಗಿದ. ನರಕದ ದರ್ಶನ ಅದು. ಸುಳ್ಳು ಹೇಳಿದವರಿಗೆ ಒಂದು ಶಿಕ್ಷೆ, ಕೊಂದವರಿಗೆ ಇನ್ನೊಂದು. ಆಮೇಲೆ ಹೊಟ್ಟೆಯಲ್ಲಿದ್ದ ಮಗುವನ್ನು ತೆಗೆಸಿಕೊಂಡ ಹೆಂಗಸರ ಸರದಿ ಬಂತು.

ಆ ವರ್ಷ ನಾನೂ ಅಂಥ ಹೆಂಗಸರಲ್ಲಿ ಒಬ್ಬಳು. ಮಗು ಉಳಿಯುವುದಿಲ್ಲ, ಬಿಟ್ಟರೆ ನಿಮ್ಮ ಜೀವಕ್ಕೂ ಅಪಾಯ ಎಂದು ಡಾಕ್ಟರು ಹೇಳಿದ ಮೇಲೆ, ನಾನೂ ನನ್ನ ಗಂಡನೂ ಸಹಿ ಹಾಕಿದ್ದೆವು. ಗುಂಪಿನಲ್ಲಿ ಯಾರಿಗೂ ತಿಳಿಸಿರಲಿಲ್ಲ. ಜ್ವರ ಎಂದಿದ್ದೆ. ಗಂಡ ಪಕ್ಕದಲ್ಲೇ ಇದ್ದರು, ಅವರ ಮುಖ ನೋಡಲಾಗಲಿಲ್ಲ.

ಮಾಮ ಎದ್ದರು. ಹುಡುಗನ ಕೈಯಿಂದ ಹಾಳೆಗಳನ್ನು ಮೆಲ್ಲಗೆ ತೆಗೆದುಕೊಂಡು ಮಡಚಿದರು.

"ಸಾಕು ಮಗಾ. ಇದು ನಾನು ಓದಿದ್ದುಂಟು. ಆ ಕಾಲದವರು ಎಂತೆಂತಕ್ಕೆಲ್ಲ ಹೆದರ್ತಿದ್ರು ಅಂತ ತಿಳೀಲಿಕ್ಕೆ ಆಗ್ತದೆ. ಪ್ರಾರ್ಥನೆಯಲ್ಲಿ ಓದ್ಲಿಕ್ಕೆ ಆಗುದಿಲ್ಲ."

"ಹಾಗಾದ್ರೆ ಅಪೊಸ್ತಲ ತೋಮ ಕೇರಳಕ್ಕೆ ಬಂದ ಅಂತೀರಲ್ಲ, ಅದು ನಿಮ್ಮ ಸತ್ಯವೇದದಲ್ಲಿ ಎಲ್ಲಿದೆ? ಅವನು ಇಂಡಿಯಾಕ್ಕೆ ಬಂದ ಕಥೆ ಇರೋದೂ ಹೊರಗಿಟ್ಟ ಪುಸ್ತಕದಲ್ಲೇ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮಾಮಿಯ ತವರಿನಲ್ಲಿ ಆ ತೋಮ, ಅವರ ಮಾತಿನ ತೋಮಾಶ್ಲೀಹಾ, ಎಂದರೆ ಮನೆಯ ಹಿರಿಯನಿದ್ದ ಹಾಗೆ.

"ಇಲ್ಲ, ಸತ್ಯವೇದದಲ್ಲಿ ಇಲ್ಲ," ಎಂದರು ಮಾಮ. "ಬಂದಿರ್ಲಿಕ್ಕೂ ಸಾಕು. ನನ್ನ ಹೆಂಡತಿ ನಂಬ್ತಾಳೆ, ಅವಳೊಟ್ಟಿಗೆ ಹಬ್ಬಕ್ಕೆ ನಾನೂ ಹೋಗ್ತೇನೆ. ಆದ್ರೆ ಅದನ್ನು ನಂಬದವನಿಗೆ ರಕ್ಷಣೆ ಇಲ್ಲ ಅಂತ ನಾನು ಹೇಳುದಿಲ್ಲ. ನೀನು ಈ ಹಾಳೆ ಹಿಡ್ಕೊಂಡು ಜನರನ್ನು ನರಕಕ್ಕೆ ಕಳಿಸ್ತಾ ಇದ್ದಿ."

ಹುಡುಗ ಮತ್ತೆ ಬರಲಿಲ್ಲ. ನಾನೂ ಹೋಗುವುದನ್ನು ನಿಲ್ಲಿಸಿದೆ. ಸರಿಯಾಗಿ ಆ ಸಾಲಿಗೇ ಮಾಮ ಏಕೆ ಎದ್ದರು? ಅವರಿಗೆ ನನ್ನ ವಿಷಯ ಯಾರೋ ಹೇಳಿದ್ದಾರೆ. ಗಂಡನನ್ನು ಕೇಳಿದೆ, ತಾನಲ್ಲ ಎಂದರು. ಅವರ ಮೇಲೂ ನಂಬಿಕೆ ಬರಲಿಲ್ಲ. ಆಸ್ಪತ್ರೆಯಲ್ಲಿದ್ದ ನಮ್ಮ ಚರ್ಚಿನ ನರ್ಸ್ ಇರಬಹುದೇ ಎಂದು ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಆ ಕರುಣೆಯೂ ನನಗೆ ಬೇಡವಾಗಿತ್ತು. ಅಷ್ಟರಲ್ಲಿ ತಿರುವನಂತಪುರಕ್ಕೆ ವರ್ಗವಾಯಿತು. ಹೇಳದೆಯೇ ಹೊರಟೆ.

ಕೆಲವು ವರ್ಷಗಳ ನಂತರ ಮಾಮನನ್ನು ಇಲ್ಲಿಯ ಆಸ್ಪತ್ರೆಗೆ ಕರೆತಂದಿದ್ದಾರೆಂದು ತಿಳಿಯಿತು. ನೋಡಲು ಹೋದಾಗ ಅವರು ನಿದ್ದೆಯಲ್ಲಿದ್ದರು. ಮಾಮಿ ನನ್ನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿಕೊಂಡರು.

"ಆ ದಿವಸದ ನಂತರ ನೀನು ಬರಲೇ ಇಲ್ಲ ಮೋಳೇ, ನನ್ನ ಮಗಳೇ. ಯಾಕೆ?"

ನಾನು ಎಲ್ಲವನ್ನೂ ಹೇಳಿದೆ.

"ನಿನ್ನದು ಅವರಿಗೆ ಗೊತ್ತೇ ಇಲ್ಲ. ಅವರು ಎದ್ದದ್ದು ನನಗೋಸ್ಕರ," ಎಂದರು. "ನಮ್ಮದೂ ಹಾಗೇ ಆಗಿತ್ತು, ಮದುವೆಯಾದ ಹೊಸದರಲ್ಲಿ. ಡಾಕ್ಟರು ಹೇಳಿದ್ರು, ತೆಗೆಸಿದ್ವಿ. ಆಮೇಲೆ ಮಕ್ಕಳಾಗಲಿಲ್ಲ. ಆ ಕುಂಞು, ಆ ಮಗು, ಎಲ್ಲಿಗೆ ಹೋಯಿತು ಅಂತ ಹುಡುಕಿ ಹುಡುಕಿ ಆ ಪುಸ್ತಕಗಳನ್ನೆಲ್ಲ ತರಿಸಿದ್ರು. ಆ ಪುಟ ಓದಿದ ದಿವಸ ನನ್ನ ಕಣ್ಣಿಗೆ ಬೀಳಬಾರದು ಅಂತ ಬೀಗ ಹಾಕಿದ್ರು."

"ನಿಮಗೆ ಗೊತ್ತಿತ್ತಾ?"

"ಕೀಲಿ ಎಲ್ಲಿಡ್ತಾರೆ ಅಂತ ಗೊತ್ತಿತ್ತು. ನಾನೂ ಓದಿದ್ದೆ. ಅವರಿಗೆ ಹೇಳಿಲ್ಲ."

ಮಾಮ ಎಚ್ಚರಾದಾಗ ನಾನು ಮಾಮಿಯ ಮಾತನ್ನು ಎತ್ತಲಿಲ್ಲ. ಆ ಪುಸ್ತಕಗಳನ್ನು ಓದಬಹುದೇ ಎಂದಷ್ಟೇ ಕೇಳಿದೆ.

"ಓದು. ಹೆದರಬೇಡ," ಎಂದರು, ದನಿ ಸೋತಿತ್ತು. "ಬರೆದವರೂ ನಮ್ಮ ಹಾಗೆ ಉತ್ತರ ಹುಡುಕಿದವರೇ. ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಆಗದೆ ಅಪೊಸ್ತಲರ ಹೆಸರು ಹಾಕಿದ್ರು. ನನಗೆ ಈ ಸತ್ಯವೇದದಲ್ಲಿ ಇರುವಷ್ಟು ಸಾಕು. ಯೇಸು ಮಕ್ಕಳನ್ನು ಎತ್ತಿಕೊಂಡದ್ದು ಉಂಟಲ್ಲ... ಬಾಕಿದ್ದು ನನಗೆ ಗೊತ್ತಿಲ್ಲ."

ಅದೇ ಕೊನೆಯ ಭೇಟಿ. ಎರ್ನಾಕುಲಂನಲ್ಲಿ ಮಣ್ಣು ಮಾಡಿದ ದಿನ ಮಾಮಿಯ ಕೈ ಹಿಡಿದು ನಿಂತಿದ್ದೆ. ಅವರೂ ಮರು ವರ್ಷವೇ ಹೋದರು.

ಈಗಲೂ ಅಂಥ ಬರಹಗಳು ಫೋನಿಗೆ ಬರುತ್ತಲೇ ಇರುತ್ತವೆ. ಹೆದರಿಸುವಂಥವನ್ನು ಓದದೆ ಅಳಿಸುತ್ತೇನೆ. ಮೊನ್ನೆ ಬಂದದ್ದು ಬೇರೆ ಥರದ್ದು. ಹುಟ್ಟದೆ ಹೋದ ಮಕ್ಕಳು ಪರಲೋಕದಲ್ಲಿ ಬೆಳೆಯುತ್ತವೆ, ತಾಯಂದಿರಿಗಾಗಿ ಬಾಗಿಲಲ್ಲಿ ಕಾಯುತ್ತವೆ ಎಂದಿತ್ತು. ಈಗಷ್ಟೇ ಸಿಕ್ಕ ಪುರಾತನ ಬರಹವಂತೆ. ಯಾರೋ ಇತ್ತೀಚೆಗೆ ಕೂತು ಕಟ್ಟಿದ್ದು ಎಂದು ಭಾಷೆಯಲ್ಲೇ ಗೊತ್ತಾಗುತ್ತಿತ್ತು. ನಂಬಬಾರದು ಎಂದುಕೊಳ್ಳುತ್ತಲೇ ಎರಡು ಸಲ ಓದಿದೆ, ಮೂರನೆಯ ಸಲವೂ ಓದಿದೆ. ಅಳಿಸಲು ಇನ್ನೂ ಕೈ ಬಂದಿಲ್ಲ. ಇದನ್ನು ಹೇಗೆ ಮುಚ್ಚಬೇಕೆಂದು ಕೇಳಲು ಮಾಮ ಇಲ್ಲ.