ಮೂರನೇ ಕೈಗೆ ಬಾಗುವುದನ್ನು ಕಲಿಸಿದ ಹಿಸಾನೊ

ಬೆಳಗಿನ ಐದೂವರೆ. ಜಪಾನಿನ ಕಾವಾಸಾಕಿ ನಗರದ ಪ್ರಯೋಗಾಲಯದಲ್ಲಿ ಹಿಸಾನೊ ಒಬ್ಬರೇ ಮೇಜು ಒರೆಸುತ್ತಿದ್ದಾರೆ. ಅವರ ಸೊಂಟಕ್ಕೆ ಬಿಗಿದ ಯಂತ್ರದ ಕೈ ಚಹಾ ಬಟ್ಟಲು ಹಿಡಿದು ಕಾಯುತ್ತಿದೆ. ಎಡಗಾಲಿನ ಹೆಬ್ಬೆರಳು ಒತ್ತಿದರೆ ಅದು ಮೇಲೇಳುತ್ತದೆ, ಬಲಗಾಲಿನ ಹೆಬ್ಬೆರಳು ಒತ್ತಿದರೆ ಹಿಡಿತ ಬಿಡುತ್ತದೆ.

ಐವತ್ತೆಂಟರ ಹಿಸಾನೊ ಹನ್ನೊಂದು ವರ್ಷ ಇದೇ ಕಟ್ಟಡದ ನೆಲ ಒರೆಸಿದವರು. ಈ ಹೆಚ್ಚುವರಿ ಕೈ ಬಳಸುವುದನ್ನು ಕಲಿಯಲು ಸಾಮಾನ್ಯ ಜನ ಬೇಕೆಂದಾಗ ತಾವೇ ಮುಂದೆ ಬಂದರು. "ಮೊದಲ ವಾರ ಬಟ್ಟಲು ಹಿಡಿ ಅಂದ್ರೆ ನನ್ನ ಮೂಗಿಗೇ ಗುದ್ದಿತ್ತು," ಎಂದು ನಗುತ್ತಾರೆ. ಕಲಿಯಲು ನಾಲ್ಕು ತಿಂಗಳು ಹಿಡಿಯಿತು. ಈಗ ಗಂಟೆಗೆ ಅರವತ್ತು ಬಟ್ಟಲು ಜೋಡಿಸುತ್ತಾರೆ.

ಆಮೇಲೆ ಬಂದವರು ಮಿತ್ಸುಯೊ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ಒಂಬತ್ತೇ ದಿನಕ್ಕೆ ಕಲಿತುಬಿಟ್ಟರು. "ಒಂಬತ್ತು ದಿನ ಕಣ್ರೀ! ಹೊಟ್ಟೆ ಉರಿದುಹೋಯ್ತು. ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ ಹಿಸಾನೊ. ಇವತ್ತು ಅತಿಥಿಗಳೆದುರು ಪ್ರದರ್ಶನಕ್ಕೆ ಮಿತ್ಸುಯೊ ಆಯ್ಕೆಯಾಗಿದ್ದಾರೆ. ಅದು ಚೆನ್ನಾಗಿ ನಡೆದರೆ ಈ ಕೈ ಬಳಕೆ ಕಲಿಸುವ ಕಾಯಂ ತರಬೇತುದಾರರ ಕೆಲಸವೂ ಅವರಿಗೇ. ಎಡವಿದರೆ ಹಿಸಾನೊಗೆ.

ಮಿತ್ಸುಯೊಗೆ ಗೊತ್ತಿಲ್ಲದ ಒಂದು ಗುಟ್ಟು ಹಿಸಾನೊ ಬಳಿ ಇದೆ. ಮಾರ್ಚ್‌ನಲ್ಲಿ ಪ್ರಯೋಗಾಲಯದ ಪ್ರೊಫೆಸರು ಬಾಗಿಲಲ್ಲಿ ಕಂಡಾಗ ಇವರು ಅಲ್ಲಿನ ರೂಢಿಯಂತೆ ಬಾಗಿ ವಂದಿಸಿದರು. ಮೈಭಾರ ಕಾಲ್ಬೆರಳಿಗೆ ಬಿತ್ತು, ಹಿಡಿತ ಬಿಟ್ಟಿತು, ಬಟ್ಟಲು ಚೂರಾಯಿತು. ಅಂದಿನಿಂದ ಮನೆಯ ಫ್ರಿಜ್ಜಿನೆದುರು ಬಾಗಿ ಬಾಗಿ, ಭಾರವನ್ನು ಹಿಮ್ಮಡಿಗೆ ಹಾಕಲು ಕಲಿತರು. ಮಿತ್ಸುಯೊ ಹೊಲಿಗೆಯವರಂತೆ ಕೂತೇ ಅಭ್ಯಾಸ ಮಾಡಿದವರು. ಇವತ್ತು ನಿಲ್ಲಬೇಕು, ಅತಿಥಿಗಳಿಗೆ ಬಾಗಬೇಕು.

"ಮೂರು ವಾರ ಬಾಯಿ ಬಿಡಲಿಲ್ಲ. ಬಟ್ಟಲು ಬೀಳಲಿ ಅಂತಾನೇ," ಎನ್ನುತ್ತಾರೆ ಹಿಸಾನೊ.

ಏಳಕ್ಕೆ ಮಿತ್ಸುಯೊ ಬರುತ್ತಾರೆ. ಯಂತ್ರದ ಕೈಯನ್ನು ಸೊಂಟಕ್ಕೆ ಕಟ್ಟಿಕೊಂಡು, ಅದರಲ್ಲಿ ಬಟ್ಟಲು ಹಿಡಿದು ನಿಲ್ಲುತ್ತಾರೆ. ಮುಖ ಬಿಳಿಚಿದೆ. "ಹಿಸಾನೊ ಅವರೇ, ನಿಮ್ಮಷ್ಟು ನಿಂತು ಮಾಡಿದವಳಲ್ಲ ನಾನು. ಏನಾದ್ರೂ ತಪ್ಪಿದ್ರೆ ಈಗಲೇ ಹೇಳಿಬಿಡಿ."

ಹಿಸಾನೊ ಬಟ್ಟೆ ಹಿಂಡುತ್ತಾರೆ. ಮತ್ತೊಮ್ಮೆ ಹಿಂಡುತ್ತಾರೆ. ಹಾಳಾದವಳು, ಕೇಳದೇ ಇದ್ದಿದ್ದರೆ ಎಷ್ಟು ಸಲೀಸಾಗಿತ್ತು!

"ಎಲ್ಲಿ, ನನಗೊಂದು ಸಲ ಬಾಗು."

ಮಿತ್ಸುಯೊ ಬಾಗುತ್ತಾರೆ. ಬಟ್ಟಲು ನೆಲಕ್ಕೆ ಬಿದ್ದು ಒಡೆಯುತ್ತದೆ.

"ಅಯ್ಯೋ!"

"ಇದು ಅತಿಥಿಗಳ ಮುಂದೆ ಆಗ್ಲಿ ಅಂತ ಕಾಯ್ತಿದ್ದೆ," ಎನ್ನುತ್ತಾರೆ ಹಿಸಾನೊ. "ನೋಡ್ತಾ ನಿಂತ್ರೆ ಹೇಗೆ? ಹಿಮ್ಮಡಿ ಮೇಲೆ ಭಾರ ಹಾಕು. ಸೊಂಟ ಹಿಂದಕ್ಕೆ. ಹೆಬ್ಬೆರಳು ಮಲಗಿರಬೇಕು. ಇನ್ನೊಂದ್ಸಲ!"

ಹತ್ತು ಗಂಟೆಯವರೆಗೆ ಇಬ್ಬರೂ ಎದುರುಬದುರು ಬಾಗುತ್ತಲೇ ಇರುತ್ತಾರೆ. ಇನ್ನೂ ಎರಡು ಬಟ್ಟಲು ಹೋಗುತ್ತವೆ.

ಪ್ರದರ್ಶನದಲ್ಲಿ ಒಂದೂ ಬೀಳುವುದಿಲ್ಲ. ಕೆಲಸ ಮಿತ್ಸುಯೊಗೇ ಎಂದು ಪ್ರೊಫೆಸರು ಅಲ್ಲೇ ಸಾರುತ್ತಾರೆ. ಹಿಂದಿನ ಸಾಲಿನಲ್ಲಿ ಹಿಸಾನೊ ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟುತ್ತಾರೆ.

"ಉರಿ ಎಲ್ಲಿ ಹೋಗುತ್ತೆ? ಇನ್ನೂ ಇದೆ," ಎನ್ನುತ್ತಾರೆ. "ಆದ್ರೆ ಅವಳು ಬಾಗಿದ್ದು ನೋಡಿದ್ರಾ? ಥೇಟ್ ನನ್ನ ಥರಾನೇ."