ಎವರಿಸ್ತೊನ ಬಲಗೈ

ವಾಲ್ಪರೈಸೊ ಊರಿನ ಗುಡ್ಡದ ಮೇಲೆ, ನಮ್ಮ ಬೀದಿಯಲ್ಲಿ ಎವರಿಸ್ತೊ ಕೊರ್ನೆಹೊನ ಕ್ಷೌರದ ಅಂಗಡಿ. ಬೆಂಕಿಯ ಸೈರನ್ ಕೂಗಿತೋ, ಅರ್ಧ ಹೆರೆದ ಗಡ್ಡವನ್ನು ಅಲ್ಲೇ ಬಿಟ್ಟು ಓಡುತ್ತಿದ್ದ. ಗಿರಾಕಿಗಳು ನೊರೆ ಒರೆಸಿಕೊಂಡು ತಾವೇ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಬೆಂಕಿ ಆರಿಸುವವರೆಲ್ಲ ಸ್ವಯಂಸೇವಕರು, ಸಂಬಳವಿಲ್ಲ. ನಾನೂ ಅವನೂ ಹದಿನೆಂಟು ವರ್ಷ ಒಂದೇ ತಂಡದಲ್ಲಿ ಪೈಪ್ ಹಿಡಿದವರು.

ಫೆಬ್ರವರಿಯ ಬಿರುಬಿಸಿಲಲ್ಲಿ ತಗಡಿನ ಮನೆಯೊಂದಕ್ಕೆ ಬೆಂಕಿ ಬಿತ್ತು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಸುಂಯ್ ಎನ್ನುತ್ತಿತ್ತು. ದಪ್ಪ ಕೈಗವಸಿನ ಹಿಡಿತಕ್ಕೆ ಅದರ ತಿರುಪು ಸಿಗಲಿಲ್ಲ. ಎವರಿಸ್ತೊ ಬಲಗೈಯ ಗವಸು ಕಿತ್ತೆಸೆದು, ಬರಿಗೈಯಲ್ಲೇ ಕಾದ ತಿರುಪನ್ನು ತಿರುಗಿಸಿ ಮುಚ್ಚಿಬಿಟ್ಟ. ಹೊರಗೆ ಬಂದವನು ಸುಟ್ಟ ಅಂಗೈಯನ್ನು ಎದೆಗೆ ಒತ್ತಿಕೊಂಡು ನಿಂತ.

"ತೋರ್ಸೋ," ಎಂದೆ.

"ಬೇಡ ಮಾರಾಯ. ನೋಡಿದ್ರೆ ನೋವು ಶುರುವಾಗುತ್ತೆ."

ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಅಂಗೈಗೆ ಕೂರಿಸಿದರು. ಮನೆಗೆ ಬಂದ ಮೇಲೆ ಬೆರಳುಗಳು ಒಳಕ್ಕೆ ಮಡಚಿಕೊಳ್ಳತೊಡಗಿದವು. ಹೊಸ ಚರ್ಮದ ತುರಿಕೆಗೆ ನಿದ್ದೆಯಿಲ್ಲ, ಕೂತಲ್ಲಿ ಕೂರಲಾಗದು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದದ್ದೇ ನಡೆದದ್ದು.

"ಕೂತ್ಕೊಳ್ಳೋ, ನೆಲ ಸವೀತಿದೆ," ಎನ್ನುತ್ತಿದ್ದಳು ಹೆಂಡತಿ ಮೆಲಾನಿಯಾ.

ನಾಲ್ಕನೇ ತಿಂಗಳು, ಕೆಳಗಿನ ಬೀದಿಯಲ್ಲೇ ಬೆಂಕಿ ಎದ್ದಿತು. ಮನೆಚಪ್ಪಲಿಯಲ್ಲೇ ಓಡಿಬಂದ ಎವರಿಸ್ತೊ, ಯಾರನ್ನೂ ಕೇಳದೆ ನಮ್ಮ ಪೈಪಿಗೆ ನೀರು ಬಿಡುವ ಬೀದಿಕೊಳಾಯಿಯ ಕಬ್ಬಿಣದ ಕೀಲಿಗೆ ಕೈ ಹಾಕಿದ. ಒಮ್ಮೆ ಜಗ್ಗಿದ. ಕೂರಿಸಿದ ಚರ್ಮ ಹರಿದು ರಕ್ತ ಸುರಿಯಿತು.

ನಮ್ಮ ತಂಡದ ಕ್ಯಾಪ್ಟನ್ ಉಲಿಸೆಸ್ ರೇಗಿದ. "ನೀನು ಬಿದ್ರೆ ಎತ್ತೋಕೆ ಇಬ್ರು ಬೇಕು. ಅವ್ರು ಪೈಪ್ ಬಿಟ್ಟು ಬರ್ಬೇಕೇನೋ? ನಡಿ ಇಲ್ಲಿಂದ!"

ಅವನನ್ನು ಆಸ್ಪತ್ರೆಗೆ ಕರೆದೊಯ್ದವನು ನಾನೇ. ಗಾಡಿಯಿಂದ ಇಳಿಯುವಾಗ ಹೇಳಿದ: "ಕೈ ಸುಡೋ ಬದ್ಲು ಕಿವಿ ಸುಡ್ಬೇಕಿತ್ತು ಕಣೋ. ಸೈರನ್ನಾದ್ರೂ ಕೇಳಿಸ್ತಿರ್ಲಿಲ್ಲ."

ಮೆಲಾನಿಯಾ ಬೈಯಲಿಲ್ಲ. ಎರಡನೇ ಶಸ್ತ್ರಚಿಕಿತ್ಸೆಯಾಗಿ ಗಾಯ ಮಾಗಿದ ಮೇಲೆ, ದಿನಾ ಬೆಳಗ್ಗೆ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಎಳೆದು ನೇರ ಮಾಡುತ್ತಿದ್ದಳು. ಅವನ ಬೈಗುಳ ಬೀದಿಗೆಲ್ಲ ಕೇಳುತ್ತಿತ್ತು. "ಬೈಯಿ, ಚೆನ್ನಾಗಿ ಬೈಯಿ. ಕೈ ಮಾತ್ರ ಎಳ್ಕೋಬೇಡ," ಎನ್ನುತ್ತಿದ್ದಳು. ಹೆಬ್ಬೆರಳು ಮತ್ತು ಎರಡು ಬೆರಳು ಹದಕ್ಕೆ ಬಂದವು. ಉಳಿದೆರಡು ಕೊಕ್ಕೆಯಾಗಿಯೇ ಉಳಿದವು. ಈಗ ಅಂಗಡಿಯಲ್ಲಿ ಕತ್ತರಿ ಅವನದು, ಕ್ಷೌರದ ಕತ್ತಿ ಮೆಲಾನಿಯಾಳದು. ಅವಳ ಕೈ ಅವನದಕ್ಕಿಂತ ಹಗುರ ಎಂದು ಗಿರಾಕಿಗಳು ಅವನೆದುರೇ ಹೇಳಿ ಕೆಣಕುತ್ತಾರೆ.

ಕ್ಯಾಪ್ಟನ್ ಅವನಿಗೆ ಅಗ್ನಿಶಾಮಕ ಠಾಣೆಯ ರೇಡಿಯೊದಲ್ಲಿ ತಂಡದೊಂದಿಗೆ ಮಾತಾಡುವ ಕೆಲಸ ಒಪ್ಪಿಸಿದ್ದಾನೆ. ಕುರ್ಚಿಯಿದೆ, ಆದರೆ ಅವನು ಅದರಲ್ಲಿ ಕೂತದ್ದನ್ನು ನಾನಂತೂ ಕಂಡಿಲ್ಲ. ಮೈಕಿನ ತಂತಿ ಎಷ್ಟು ದೂರ ಬರುತ್ತದೋ ಅಷ್ಟು ದೂರ ಅತ್ತಿಂದಿತ್ತ ನಡೆಯುತ್ತಲೇ ಇರುತ್ತಾನೆ. ಕಳೆದ ಭಾನುವಾರ ಹೊಗೆಯೊಳಗೆ ನಾವಿದ್ದಾಗ ಮೂರನೇ ಸಲ ಅವನ ದನಿ ಬಂತು: "ಎಷ್ಟು ಜನ ಒಳಗಿದ್ದೀರಾ? ಎಲ್ರೂ ಗವಸು ಹಾಕಿದ್ದೀರಾ?"

"ಉಸಿರಾಡೋಕಾದ್ರೂ ಬಿಡಯ್ಯಾ!" ಎಂದ ಉಲಿಸೆಸ್.

ರೇಡಿಯೊ ಕರಕರ ಎಂದಿತು. ಆಮೇಲೆ ಮತ್ತೆ: "ಹಾಕಿದ್ದೀರೋ, ಇಲ್ವೋ?"