ಅಕ್ಕನ ಚುಕ್ಕೆಗಾಗಿ ನಿಂತ ಮಗ್ಗಗಳು

ಇಂದು ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ ಬರೆಯಲು ಕುಳಿತಿದ್ದೇನೆ. ನಾನು ಚಿಕ್ಕವನಿದ್ದಾಗ ಬೆಟಗೇರಿಯ ನಮ್ಮ ಓಣಿಯಲ್ಲಿ ಈ ಹೊತ್ತಿಗೆ ಎಲ್ಲ ಮನೆಗಳ ಮಗ್ಗಗಳೂ ಶುರುವಾಗಿರುತ್ತಿದ್ದವು. ನಮ್ಮೂರು ಆಗ ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಗೋಡೆಗೆ ಒರಗಿ ಕುಳಿತರೆ ಪಕ್ಕದ ಮನೆಯ ಮಗ್ಗದ ಏಟು ಬೆನ್ನಿಗೆ ತಾಗುತ್ತಿತ್ತು. ನೂಲಿಗೆ ಹಾಕುವ ಗಂಜಿಯ ವಾಸನೆ ಮನೆ ತುಂಬ.

ಮಕ್ಕಳೇ, ನೀವು ಫೋಟೋದಲ್ಲಿ ಮಾತ್ರ ನೋಡಿರುವ ನನ್ನ ಅಕ್ಕ ಆಗಷ್ಟೇ ಮೆಟ್ರಿಕ್ ಮುಗಿಸಿದ್ದಳು. ಧಾರವಾಡದಲ್ಲಿ ವಿಜ್ಞಾನ ಓದುವ ಆಸೆ ಅವಳಿಗೆ. ಅಪ್ಪನಿಗೆ ಮಗ್ಗದ ಕೆಲಸಕ್ಕೆ ಕೈ ಬೇಕಿತ್ತು. ಕೊನೆಗೆ ಅಪ್ಪ ಒಂದು ಮಾತು ಹೇಳಿದ: ಧಾರವಾಡದ ಕಾಲೇಜಿನಿಂದ ಊರಿಗೆ ಬರಲಿದ್ದ ಮಾಸ್ತರು ಅವಳು ಮನೆಯಲ್ಲೇ ಕಟ್ಟಿದ ಯಂತ್ರ ನೋಡಿ ಭೇಷ್ ಎಂದರೆ ಧಾರವಾಡ, ಇಲ್ಲದಿದ್ದರೆ ಮಗ್ಗ.

ಯಂತ್ರವೆಂದರೆ ತಾಮ್ರದ ತಂತಿಯ ಒಂದು ಸುರುಳಿ. ಅದರ ನಡುವೆ ಒಂದೇ ರೇಷ್ಮೆ ಎಳೆಯಲ್ಲಿ ಕಾಂತದ ಸೂಜಿ ತೂಗುತ್ತಿತ್ತು. ಸೂಜಿಗೆ ಅಂಟಿಸಿದ ಕನ್ನಡಿಯ ಚೂರಿಗೆ ಬೆಳಕಿಂಡಿಯ ಬಿಸಿಲು ಬಿದ್ದರೆ ಎದುರಿನ ಗೋಡೆಯ ಮೇಲೆ ಬೆಳಕಿನ ಚುಕ್ಕೆ ಮೂಡುತ್ತಿತ್ತು. ಸುರುಳಿಯ ಎರಡೂ ತುದಿಗಳ ನಡುವೆ ಕಬ್ಬಿಣದ ತಂತಿ. ಕಬ್ಬಿಣವೂ ತಾಮ್ರವೂ ಕೂಡಿದ ಒಂದು ಗಂಟನ್ನು ಬೆರಳಿನಲ್ಲಿ ಹಿಡಿದರೆ, ಬೆರಳಿನ ಬಿಸಿಗೆ ತಂತಿಯಲ್ಲಿ ಚೂರೇ ಚೂರು ವಿದ್ಯುತ್ ಹುಟ್ಟಿ ಚುಕ್ಕೆ ಸರಿಯಬೇಕು.

ಮಾಸ್ತರು ಬಂದು ಕುಳಿತರು. ಚುಕ್ಕೆ ಗೋಡೆಯ ಮೇಲೆ ಗಡಗಡ ನಡುಗುತ್ತಿತ್ತು.

"ಇದೇನವಾ, ಕುಣಿಯಾಕತ್ತೈತಲ್ಲ?"

"ಅಮಾಸಿ ದಿನ ನೆಟ್ಟಗ ನಿಂತಿತ್ರಿ ಸರ," ಎಂದಳು ಅಕ್ಕ. ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಅವಳು ಪರೀಕ್ಷಿಸಿ ನೋಡಿದ್ದು ಆ ದಿನ ಮಾತ್ರ.

"ಮುಂದಿನ ಅಮಾಸಿತನಕ ನಾ ಇಲ್ಲೇ ಕುಂಡ್ರಾಕ ಆಗಂಗಿಲ್ಲ," ಎಂದು ಮಾಸ್ತರು ನಕ್ಕರು. ಬಿಸಿಲು ಬೆಳಕಿಂಡಿಯಿಂದ ಜಾರತೊಡಗಿತ್ತು.

ಅವ್ವ ಸೆರಗು ಹೊದ್ದು ಹೊರಗೆ ಹೋದಳು. ಅವಳ ದನಿ ಮನೆಮನೆಯ ಬಾಗಿಲಲ್ಲೂ ಕೇಳಿಸಿತು. "ನಮ್ಮ ಹುಡುಗಿ ಪರೀಕ್ಷಾ ಐತಿ. ಒಂದೀಟು ಮಗ್ಗ ನಿಲ್ಲಸ್ರಿ."

"ಅಕಿ ಪರೀಕ್ಷಾಕ್ಕ ನಮಗ ಸೂಟಿ ಏನವಾ?" ಎಂದು ಯಾರೋ ನಕ್ಕರು. ನಗುತ್ತಲೇ ನಿಲ್ಲಿಸಿದರು. ಒಂದೊಂದಾಗಿ ಸದ್ದು ಅಡಗಿತು. ಉಳಿದದ್ದು ನಮ್ಮ ಪಡಸಾಲೆಯ ಮಗ್ಗ ಒಂದೇ.

"ಅಪ್ಪಾ, ನಿಂದೂ ನಿಲ್ಲಸು," ಎಂದಳು ಅಕ್ಕ.

"ಓಣಿ ಎಲ್ಲಾ ನಿಂತೈತಲ್ಲ, ನಂದ್ಯಾಕ?"

"ನಿಂದ ಭಾಳ ಅಲಗಾಡಸ್ತೈತಿ."

ಅಪ್ಪ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಳಿಯಿಂದ ಮೇಲೆದ್ದು ಬಂದ. ಚುಕ್ಕೆ ನಿಧಾನವಾಗಿ ನಿಂತಿತು. ಅಕ್ಕ ತಂತಿಯ ಗಂಟನ್ನು ಅವನ ಬೆರಳುಗಳ ನಡುವೆ ಇಟ್ಟಳು. ಚುಕ್ಕೆ ಮೆಲ್ಲಗೆ ಸರಿಯಿತು. ಬಿಟ್ಟಾಗ ತಿರುಗಿ ಬಂತು. ಅಪ್ಪ ಯಾರೂ ಹೇಳದೆಯೇ ಮತ್ತೊಮ್ಮೆ ಹಿಡಿದ.

"ಖರೇನ ಇದು ನನ್ನ ಬೆರಳಿನ ಬಿಸಿ?"

ಮಾಸ್ತರು ಬಾಯಿ ತೆರೆಯುವ ಮೊದಲೇ ಅಪ್ಪ ಅವರತ್ತ ತಿರುಗಿದ. "ಅಲ್ಲೆ ಹಾಸ್ಟೆಲಿನ್ಯಾಗ ರೊಟ್ಟಿ ಕೊಡತಾರೇನ್ರಿ?"

ಅಕ್ಕ ಭೌತವಿಜ್ಞಾನಿಯಾದಳು. ನಕ್ಷತ್ರಗಳಿಂದ ಬರುವ ಅತ್ಯಲ್ಪ ಬಿಸಿಯನ್ನೂ ಹಿಡಿಯುವ ಉಪಕರಣವನ್ನು ಕೈಯಾರೆ ಕಟ್ಟಿದಳು. ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಅದಕ್ಕೂ ಮೊದಲು ಅಂಥದ್ದನ್ನು ಯಾರೂ ಮಾಡಿರಲಿಲ್ಲ.

ನಿಮಗೆ ಜ್ವರ ಬಂದರೆ ಅಮ್ಮ ಹಣೆಯೆದುರು ಯಂತ್ರ ಹಿಡಿಯುತ್ತಾಳೆ, ಮೈಬಿಸಿ ಎಷ್ಟೆಂದು ಅಂಕಿಯಲ್ಲಿ ಕಾಣುತ್ತದೆ. ಈಗ ನಮ್ಮೂರಿಗೆ ಗದಗವೇ ಜಿಲ್ಲೆ. ನಮ್ಮ ಓಣಿಯಲ್ಲಿ ಉಳಿದಿರುವುದು ಎರಡೇ ಮಗ್ಗ. ಆ ಚುಕ್ಕೆ ನಿಲ್ಲಲು ಬೇಕಾದ ನಿಶ್ಶಬ್ದ ನಿಮಗೆ ದಿನವಿಡೀ ಸಿಗುತ್ತದೆ. ನಮಗೆ ಅದನ್ನು ಓಣಿಯೇ ಕೊಡಬೇಕಾಯಿತು. ಅಂದು ನಮ್ಮ ಸಾಲಿನಲ್ಲಿ ಒಂಬತ್ತು ಮಗ್ಗ ನಿಂತವು. ಎದುರು ಸಾಲಿನ ಲೆಕ್ಕ ನನ್ನಲ್ಲಿಲ್ಲ. ಆ ಮನೆಗಳವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಮನೆಯಲ್ಲಿ ಅಂದು ಮಗ್ಗ ನಿಲ್ಲಿಸಿದ್ದು ಯಾರು ಎಂದು ದಯವಿಟ್ಟು ಬರೆದು ತಿಳಿಸಿ.